ರೋಮಿನ ಮಾತು, ಬ್ರಹ್ಮಾವರದ ಉತ್ತರ

2025ರ ಮೇ 8ರಂದು ರೋಮಿನಲ್ಲಿ ಆಯ್ಕೆಯಾದ ಹೊಸ ಪೋಪ್ ಹದಿನಾಲ್ಕನೆಯ ಲಿಯೊ ಎಂಬ ಹೆಸರು ಇಟ್ಟುಕೊಂಡರು. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕಥೋಲಿಕರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಬಲಿಪೂಜೆಯ ನಡುವೆ ಪಾದ್ರಿ ಎರಡು ಹೆಸರು ಹೇಳುತ್ತಾರೆ: ಮೊದಲು ಪೋಪರದು, ಆಮೇಲೆ ಸ್ಥಳದ ಧರ್ಮಾಧ್ಯಕ್ಷರದು. ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡ ಮೇಲೆ ಖಾಲಿಯಿದ್ದ ಮೊದಲ ಜಾಗಕ್ಕೆ ಮೇ ತಿಂಗಳಲ್ಲಿ ಹೊಸ ಹೆಸರು ಬಂತು.

ಅದೇ ಕೋಲಾರ ಪಟ್ಟಣದ ಮೆಥೊಡಿಸ್ಟ್ ಚರ್ಚಿನಲ್ಲಿ ಏನೂ ಬದಲಾಗಲಿಲ್ಲ. 1876-78ರ ಮಹಾಕ್ಷಾಮದಲ್ಲಿ ತಬ್ಬಲಿಯಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ನಡೆಸುತ್ತಿದ್ದ ಅನಾಥಾಲಯ 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. 1910ರಲ್ಲಿ ಶುರುವಾಗಿ ಇಂದಿಗೂ ಊರವರ ಬಾಯಲ್ಲಿ ಇ.ಟಿ.ಸಿ.ಎಂ. ಎಂದೇ ನಿಂತಿರುವ ಆಸ್ಪತ್ರೆಯೂ ಅದೇ ಮಿಷನ್ನಿನದು. ಅವರಿಗೂ ಬಿಷಪರಿದ್ದಾರೆ, ಪೋಪ್ ಇಲ್ಲ. ಒಂದೇ ಊರಿನಲ್ಲಿ ಒಂದೇ ಬೈಬಲ್ ಓದುವ ಎರಡು ಮಂದಿ ಪೂಜೆಯ ಹೊತ್ತಿನಲ್ಲಿ ಬೇರೆ ಬೇರೆ ಹೆಸರು ಹೇಳುವುದರ ಹಿಂದೆ ಹದಿನೆಂಟು ಶತಮಾನಗಳ ವಾದವಿದೆ. ಅದನ್ನು ಯುರೋಪಿನವರ ಜಗಳವೆಂದು ತಿಳಿದು ಕೈಬಿಡುವವರೇ ಹೆಚ್ಚು. ಆದರೆ ಆ ವಾದ ಕನ್ನಡ ನಾಡಿಗೂ ಬಂದು ಬಿಜಾಪುರ, ಮಂಗಳೂರು, ಕಲ್ಯಾಣಪುರಗಳನ್ನು ಕಲಕಿತು, ಉಡುಪಿ ಬಳಿಯ ಬ್ರಹ್ಮಾವರದಲ್ಲಿ ಒಂದು ಸಮುದಾಯವನ್ನೇ ರೋಮಿನಿಂದ ಕಡಿದು ಬೇರೆ ದಾರಿಗೆ ನಿಲ್ಲಿಸಿತು.

ಯಾರ ಮಾತು ಪ್ರಮಾಣ ಎಂಬ ವಾದ ಕೋಲಾರ ಸೀಮೆಗೆ ಹೊಸದೇನಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿ ಅಕ್ಷೋಭ್ಯತೀರ್ಥರಿಗೂ ವಿದ್ಯಾರಣ್ಯರಿಗೂ ವಾದ ನಡೆದು, ವೇದಾಂತ ದೇಶಿಕರು ತೀರ್ಪು ಕೊಟ್ಟರು ಎಂದು ಮಾಧ್ವ ಪರಂಪರೆ ನಂಬುತ್ತದೆ. ಅದರ ನೆನಪಿನ ವಿಜಯಸ್ತಂಭವನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಅದ್ವೈತಿಗಳು ಆ ಕಥೆಯನ್ನು ಒಪ್ಪುವುದಿಲ್ಲ. ಅದೇನೇ ಇರಲಿ, ಆ ಕಥೆಯಲ್ಲಿ ಇಬ್ಬರೂ ತಲೆಬಾಗುವ ಶ್ರುತಿ ಇತ್ತು, ಇಬ್ಬರಿಗೂ ಹೊರಗಿನವರಾದ ಮಧ್ಯಸ್ಥರಿದ್ದರು. ಆದಿ ಕ್ರೈಸ್ತ ಸಭೆಯ ತೊಡಕು ಇದಕ್ಕಿಂತ ಕಠಿಣ. ಶ್ರುತಿ ಒಂದೇ ಆಗಿತ್ತು, ನಿಜ. ಆದರೆ ಅಲ್ಲಿ ಜಗಳವಿದ್ದದ್ದೇ ಮಧ್ಯಸ್ಥ ಯಾರು ಎಂಬುದರ ಮೇಲೆ.

ರೋಮಿನ ಬಿಷಪ್ ಮೊದಮೊದಲು ಇತರ ಬಿಷಪರ ನಡುವಿನ ಹಿರಿಯ. ಪೇತ್ರ ಮತ್ತು ಪೌಲ ಇಬ್ಬರೂ ಅಲ್ಲಿ ಪ್ರಾಣ ಕೊಟ್ಟರೆಂಬ ನೆನಪು ಆ ಪೀಠಕ್ಕೆ ಗೌರವ ತಂದಿತ್ತು, ಸಾಮ್ರಾಜ್ಯದ ರಾಜಧಾನಿ ಎಂಬ ತೂಕವೂ ಇತ್ತು. ಗೌರವ ಎಲ್ಲಿ ಮುಗಿದು ಅಧಿಕಾರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ.

ಕ್ರಿ.ಶ. 190ರ ಸುಮಾರಿಗೆ ಆ ಪ್ರಶ್ನೆ ಒಂದು ಹಬ್ಬದ ತಿಥಿಯ ಮೇಲೆ ಸಿಡಿಯಿತು. ಏಷ್ಯಾ ಮೈನರಿನ ಸಭೆಗಳು ಪಾಸ್ಕ ಹಬ್ಬವನ್ನು ಯೆಹೂದಿ ಪಂಚಾಂಗದ ನೀಸಾನ್ 14ಕ್ಕೆ, ವಾರ ಯಾವುದೇ ಬರಲಿ, ಆಚರಿಸುತ್ತಿದ್ದವು. ರೋಮಿನವರಿಗೆ ಭಾನುವಾರವೇ ಆಗಬೇಕಿತ್ತು. ರೋಮಿನ ಬಿಷಪ್ ವಿಕ್ಟರ್ ಒಪ್ಪದ ಸಭೆಗಳನ್ನು ಒಟ್ಟಿಗೇ ಸಂಬಂಧದಿಂದ ಹೊರಹಾಕಲು ಹೊರಟ. ಎಫೆಸದ ಪೋಲಿಕ್ರಟೀಸ್ ಬಗ್ಗಲಿಲ್ಲ. ತನ್ನ ನೆಲದಲ್ಲಿ ಮಣ್ಣಾದ ಅಪೊಸ್ತಲರ, ಹುತಾತ್ಮರ ಹೆಸರುಗಳನ್ನು ಎಣಿಸಿ, ತಮ್ಮದೂ ಪರಂಪರೆಯೇ ಎಂದು ಉತ್ತರ ಬರೆದ. ಆಗ ನಡುವೆ ಬಂದವನು ಲಿಯೋನ್ ನಗರದ ಬಿಷಪ್ ಐರೇನಿಯಸ್. ಆತನ ಆಚರಣೆ ರೋಮಿನದೇ, ಭಾನುವಾರದ ಹಬ್ಬ. ಆದರೂ ವಿಕ್ಟರನಿಗೆ ಬುದ್ಧಿ ಹೇಳಿದ: ಮೂರು ನಾಲ್ಕು ದಶಕದ ಹಿಂದೆ ಸ್ಮುರ್ನದ ಪೋಲಿಕಾರ್ಪ್ ರೋಮಿಗೆ ಬಂದಾಗ ಅಂದಿನ ಬಿಷಪ್ ಅನಿಸೆಟಸ್ ಜತೆ ಇದೇ ವಿಷಯದಲ್ಲಿ ಒಮ್ಮತ ಮೂಡಲಿಲ್ಲ, ಹಾಗಿದ್ದೂ ಅನಿಸೆಟಸ್ ಅತಿಥಿಗೆ ತನ್ನ ಚರ್ಚಿನಲ್ಲಿ ಪೂಜೆ ನಡೆಸಲು ಬಿಟ್ಟುಕೊಟ್ಟು ಗೌರವಿಸಿದ, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು ಎಂದು ನೆನಪಿಸಿದ. ಮುಂದಿನ ಎಲ್ಲ ಜಗಳಗಳಲ್ಲೂ ಐರೇನಿಯಸನಂಥ ಒಬ್ಬರು ಸಿಕ್ಕಿದ್ದರೆ ಧರ್ಮಸಭೆಯ ಚರಿತ್ರೆಯೇ ಬೇರೆಯಾಗುತ್ತಿತ್ತು.

ಸಿಗಲಿಲ್ಲ. 250ರ ದಶಕದಲ್ಲಿ ಕಾರ್ಥೇಜಿನ ಸಿಪ್ರಿಯನ್ ಮತ್ತು ರೋಮಿನ ಸ್ತೇಫನ್ ನಡುವೆ ಇನ್ನೊಂದು ಜಗಳ ಎದ್ದಿತು. ಪಂಥಭ್ರಷ್ಟರ ಕೈಯಿಂದ ದೀಕ್ಷಾಸ್ನಾನ ಪಡೆದವರು ಸಭೆಗೆ ಮರಳಿದರೆ ಮತ್ತೆ ಸ್ನಾನ ಕೊಡಬೇಕೇ ಎಂಬುದು ವಿಷಯ. ಬೇಡ ಎಂದ ಸ್ತೇಫನ್. ಬೇಕು ಎಂದು 256ರಲ್ಲಿ ಕಾರ್ಥೇಜಿನಲ್ಲಿ ಸೇರಿದ 87 ಬಿಷಪರು ಒಬ್ಬೊಬ್ಬರಾಗಿ ಮತ ಹೇಳಿದರು. ತಮ್ಮಲ್ಲಿ ಯಾರೂ ಬಿಷಪರ ಮೇಲಿನ ಬಿಷಪ್ ಆಗಿ ಕೂರುವುದಿಲ್ಲ ಎಂಬ ನಿಲುವಿನಿಂದಲೇ ಸಿಪ್ರಿಯನ್ ಆ ಸಭೆಯನ್ನು ತೆರೆದಿದ್ದ. ಮರುವರ್ಷ ಸ್ತೇಫನ್ ಸತ್ತ, ಅದರ ಮರುವರ್ಷ ಸಿಪ್ರಿಯನ್ನನ ತಲೆ ಕಡಿಯಲಾಯಿತು. ಇಬ್ಬರೂ ಸಂತರೆಂದು ಇಂದಿಗೂ ಪೂಜಿತರು. ಸ್ನಾನದ ವಿಷಯದಲ್ಲಿ ಕೊನೆಗೆ ನಿಂತದ್ದು ಸ್ತೇಫನನ ಮತ. ಆದರೆ ಅದು ನಿಂತದ್ದು ಆತ ಆಜ್ಞೆ ಮಾಡಿದ್ದರಿಂದಲ್ಲ, ಮುಂದಿನ ಮಹಾಸಭೆಗಳು ತೂಗಿ ನೋಡಿ ಒಪ್ಪಿದ್ದರಿಂದ ಎಂಬುದನ್ನು ಗಮನಿಸಬೇಕು.

ಅಪಿಯಾರಿಯಸ್ ಎಂಬ ಪಾದ್ರಿಯ ಪ್ರಕರಣವಂತೂ ಕೋರ್ಟಿನ ಕಡತದ ಹಾಗಿದೆ. ಉತ್ತರ ಆಫ್ರಿಕದ ಸಿಕ್ಕ ಎಂಬ ಊರಿನ ಈತನನ್ನು ದುರ್ನಡತೆಗಾಗಿ ಅಲ್ಲಿನ ಬಿಷಪ್ ಕೆಲಸದಿಂದ ತೆಗೆದ. ಅಪಿಯಾರಿಯಸ್ ಸಮುದ್ರ ದಾಟಿ ರೋಮಿಗೆ ಹೋಗಿ ದೂರಿಟ್ಟ. 418ರಲ್ಲಿ ಪೋಪ್ ಜೋಸಿಮಸ್ ದೂರನ್ನು ಎತ್ತಿಕೊಂಡು ಆಫ್ರಿಕಕ್ಕೆ ಪ್ರತಿನಿಧಿಗಳನ್ನು ಅಟ್ಟಿದ. ಈ ಅಧಿಕಾರ ಎಲ್ಲಿಂದ ಬಂತು ಎಂದಾಗ, 325ರ ನೈಸೀಯ ಮಹಾಸಭೆಯ ನಿಯಮವೇ ಕೊಟ್ಟಿದೆ ಎಂದರು. ಆಫ್ರಿಕದವರು ತಮ್ಮ ಪ್ರತಿ ತೆಗೆದು ನೋಡಿದರು, ಅಂಥ ನಿಯಮ ಕಾಣಲಿಲ್ಲ. 419ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆಯಲ್ಲಿ ಹಿಪ್ಪೊ ನಗರದ ಆಗಸ್ಟೀನರೂ ಇದ್ದರು. ಅವಸರದ ಮಾತು ಯಾರೂ ಆಡಲಿಲ್ಲ. ಮೂಲ ಪ್ರತಿಗಾಗಿ ಕಾನ್‌ಸ್ಟಾಂಟಿನೋಪಲಿಗೂ ಅಲೆಕ್ಸಾಂಡ್ರಿಯಕ್ಕೂ ಬರೆದು ತರಿಸಿದರು. ಅವುಗಳಲ್ಲೂ ಆ ನಿಯಮ ಇರಲಿಲ್ಲ. ಅದು ನೈಸೀಯದ್ದಲ್ಲ, 343ರ ಸುಮಾರಿಗೆ ಸಾರ್ದಿಕದಲ್ಲಿ ಸೇರಿದ ಇನ್ನೊಂದು ಸಭೆಯದು. ರೋಮಿನ ದಫ್ತರದಲ್ಲಿ ಎರಡನ್ನೂ ಒಟ್ಟಿಗೆ ನಕಲು ಮಾಡಿಟ್ಟಿದ್ದರಿಂದ ಬೆರೆತುಹೋಗಿತ್ತು. ಅಷ್ಟರಲ್ಲಿ ಅಪಿಯಾರಿಯಸನೇ ತಪ್ಪೊಪ್ಪಿಕೊಂಡ. 424ರ ಹೊತ್ತಿಗೆ ಆಫ್ರಿಕದ ಬಿಷಪರು ಪೋಪ್ ಸೆಲೆಸ್ಟೀನನಿಗೆ ಮರ್ಯಾದೆಯ, ಆದರೆ ಗಟ್ಟಿ ಪತ್ರ ಬರೆದರು. ನಮ್ಮ ನೆಲದ ವ್ಯಾಜ್ಯ ನಮ್ಮ ನೆಲದಲ್ಲೇ ತೀರಲಿ, ಪ್ರತಿನಿಧಿಗಳನ್ನು ಕಳಿಸಬೇಡಿ ಎಂಬುದು ಅದರ ತಿರುಳು.

ಆಮೇಲೆ ಬಂದವನು ಮೊದಲನೆಯ ಲಿಯೊ. ಪೇತ್ರನ ಉತ್ತರಾಧಿಕಾರಿ ಎಂಬ ಮಾತಿಗೆ ಕಾನೂನಿನ ಬಲ ಕೊಟ್ಟವನು ಈತನೇ. 451ರಲ್ಲಿ ಕ್ಯಾಲ್ಸಿಡನ್ ಮಹಾಸಭೆ ಕ್ರಿಸ್ತನ ಸ್ವರೂಪದ ಬಗ್ಗೆ ಲಿಯೊ ಬರೆದ ಪತ್ರವನ್ನು ಎತ್ತಿಹಿಡಿಯಿತು. ಅದೇ ಸಭೆ ತನ್ನ 28ನೆಯ ನಿಯಮದಲ್ಲಿ, ರೋಮಿಗೆ ಹಿರಿತನ ಬಂದದ್ದು ಅದು ರಾಜಧಾನಿಯಾದ್ದರಿಂದ, ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲಿಗೂ ಸಮನಾದ ಗೌರವ ಸಲ್ಲಬೇಕು ಎಂದಿತು. ಲಿಯೊ ಪತ್ರದ ಭಾಗವನ್ನು ಸ್ವೀಕರಿಸಿ ನಿಯಮದ ಭಾಗವನ್ನು ತಳ್ಳಿಹಾಕಿದ. ಇನ್ನೊಂದು ಕಡೆ, ಈಜಿಪ್ಟಿನ ಮತ್ತು ಸಿರಿಯದ ದೊಡ್ಡ ಜನಸಮೂಹಗಳು ಕ್ಯಾಲ್ಸಿಡನ್ನಿನ ಸಿದ್ಧಾಂತವನ್ನೇ ಒಪ್ಪದೆ ಹೊರನಡೆದವು. ಅಂತಿಯೋಕಿಯದ ಸಿರಿಯನ್ ಆರ್ಥೊಡಾಕ್ಸ್ ಸಭೆ ಹೀಗೆ ಬೇರೆಯಾದದ್ದು. ಆ ಪೀಠದಲ್ಲಿ ಕೂತ ಪಿತೃಪ್ರಧಾನರು ಒಂದು ಮಾತನ್ನು ಎಂದೂ ಬಿಡಲಿಲ್ಲ: ಪೇತ್ರನು ರೋಮಿಗೆ ಹೋಗುವ ಮೊದಲು ಅಂತಿಯೋಕಿಯದಲ್ಲಿ ಪೀಠ ಹಾಕಿದ್ದ, ನಾವೂ ಅವನ ಉತ್ತರಾಧಿಕಾರಿಗಳೇ. 451ರ ಈ ಬಿರುಕು 1889ರಲ್ಲಿ ಬ್ರಹ್ಮಾವರದವರಿಗೆ ಬಾಗಿಲಾಯಿತು.

ಭಾರತದ ಪಶ್ಚಿಮ ಕರಾವಳಿಯ ಆರಂಭದ ಕ್ರೈಸ್ತರಿಗೆ ರೋಮಿನ ಹಂಗು ಇರಲಿಲ್ಲ. ಆರನೆಯ ಶತಮಾನದ ಅಲೆಕ್ಸಾಂಡ್ರಿಯದ ವ್ಯಾಪಾರಿ ಕಾಸ್ಮಾಸ್ ಕಲ್ಲಿಯಾನ ಎಂಬ ಬಂದರಿನಲ್ಲಿ ಪರ್ಷಿಯದಿಂದ ನೇಮಕವಾಗಿ ಬಂದ ಬಿಷಪ್ ಇದ್ದಾನೆ ಎಂದು ಬರೆದಿದ್ದಾನೆ. ಅದು ಉಡುಪಿ ಬಳಿ ಸ್ವರ್ಣಾ ನದಿಯ ದಡದ ಕಲ್ಯಾಣಪುರವೇ ಎಂದು ಕರಾವಳಿಯ ಹಲವರು ಅಭಿಮಾನದಿಂದ ಹೇಳುತ್ತಾರೆ. ಹೆಚ್ಚಿನ ವಿದ್ವಾಂಸರು ಮುಂಬೈ ಬಳಿಯ ಕಲ್ಯಾಣದ ಕಡೆ ಬೆರಳು ಮಾಡುತ್ತಾರೆ, ಅವರ ಮಾತೇ ಹೆಚ್ಚು ಸರಿ ಎನಿಸುತ್ತದೆ. ಊರು ಯಾವುದೇ ಆದರೂ ಒಂದು ವಿಷಯ ಖಚಿತ. ಅಂದು ಈ ಕಡಲತೀರಕ್ಕೆ ಬಿಷಪ್ ಬರುತ್ತಿದ್ದದ್ದು ಪರ್ಷಿಯದಿಂದ.

ರೋಮ್ ಇಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಅದೂ ನೇರವಾಗಿ ಬರಲಿಲ್ಲ, ಗುತ್ತಿಗೆಯ ಮೂಲಕ ಬಂತು. 1514ರಲ್ಲಿ ಪೋಪ್ ಹತ್ತನೆಯ ಲಿಯೊ ಪೋರ್ಚುಗಲ್ ದೊರೆ ಮಾನುಯೆಲನಿಗೆ ಸಾಗರದಾಚೆಯ ಚರ್ಚುಗಳ ಪೋಷಕತ್ವ ಕೊಟ್ಟ. ದೊರೆ ಇಗರ್ಜಿ ಕಟ್ಟಿಸಿ, ಪಾದ್ರಿಗಳನ್ನು ಸಾಕಬೇಕು. ಪ್ರತಿಯಾಗಿ ಬಿಷಪ್ ಯಾರಾಗಬೇಕೆಂದು ಹೆಸರು ಸೂಚಿಸುವ ಹಕ್ಕು ದೊರೆಗೆ. ಇದೇ ಪದ್ರವಾದೊ. 1534ರಲ್ಲಿ ಗೋವಾ ಧರ್ಮಪ್ರಾಂತ್ಯ ಹುಟ್ಟಿತು, ಕನ್ನಡ ಕರಾವಳಿಯ ಕ್ರೈಸ್ತರು ಅದರ ಕೈಕೆಳಗಾದರು. ಇತ್ತ ಕೇರಳದಲ್ಲಿ ಸಿರಿಯನ್ ಕ್ರೈಸ್ತರನ್ನು ಗೋವೆಯ ಮಹಾಧರ್ಮಾಧ್ಯಕ್ಷ ಮೆನೆಜೆಸ್ 1599ರ ಉದಯಂಪೇರೂರು ಸಭೆಯಲ್ಲಿ ರೋಮಿಗೆ ಒಗ್ಗಿಸಲು ನೋಡಿದ. 1653ರ ಜನವರಿ 3ರಂದು ಮಟ್ಟಾಂಚೇರಿಯ ಕೂನನ್ ಶಿಲುಬೆಯ ಮುಂದೆ ಅವರು ಪ್ರತಿಜ್ಞೆ ಮಾಡಿ ಆ ನೊಗ ಕಳಚಿದರು.

ಒಂದು ಶತಮಾನದಲ್ಲಿ ರೋಮಿಗೆ ತಾನು ಕೊಟ್ಟ ವರವೇ ಭಾರವಾಯಿತು. ಪೋರ್ಚುಗಲ್ಲಿಗೆ ಅಷ್ಟು ದೊಡ್ಡ ಪ್ರದೇಶ ನೋಡಿಕೊಳ್ಳುವ ಶಕ್ತಿ ಇರಲಿಲ್ಲ, ಹಕ್ಕು ಬಿಡುವ ಮನಸ್ಸೂ ಇರಲಿಲ್ಲ. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಮಿಷನ್ ಕೆಲಸಕ್ಕಾಗಿ ಪ್ರೊಪಗಾಂಡ ಎಂಬ ಹೊಸ ಇಲಾಖೆ ತೆರೆದ. ದೊರೆಯ ಆಳ್ವಿಕೆ ಇಲ್ಲದ ಕಡೆ ದೊರೆಯ ಪೋಷಕತ್ವವೂ ಇಲ್ಲ ಎಂಬುದು ಅದರ ವಾದ.

ಆ ವಾದದ ಮೊದಲ ಪ್ರಯೋಗ ನಡೆದದ್ದು ಬಿಜಾಪುರದ ಆದಿಲ್‌ಶಾಹಿ ಸೀಮೆಯ ಮೇಲೆ. ಗೋವೆಯ ದಿವಾಡಿ ದ್ವೀಪದ ಮಾಥೆಯುಸ್ ದೆ ಕಾಸ್ತ್ರೊ ಎಂಬ ಕೊಂಕಣಿ ಬ್ರಾಹ್ಮಣ ಮೂಲದ ಯುವಕನಿಗೆ ಗೋವೆಯಲ್ಲಿ ಪಾದ್ರಿ ದೀಕ್ಷೆ ಸಿಗಲಿಲ್ಲ. ರೋಮಿಗೆ ಹೋದ, ಪಾದ್ರಿಯಾದ, 1637ರಲ್ಲಿ ಬಿಷಪನೂ ಆದ. ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಬಿಷಪ್ ಈತನೇ. ಪೋಪರ ನೇರ ಪ್ರತಿನಿಧಿಯಾಗಿ ಆದಿಲ್‌ಶಾಹನ ರಾಜ್ಯಕ್ಕೆ ನೇಮಕವಾಗಿ ಬಂದಾಗ ಗೋವೆಯ ಅಧಿಕಾರಿಗಳು ಅವನ ಪತ್ರಗಳನ್ನೇ ಮಾನ್ಯ ಮಾಡಲಿಲ್ಲ. ಪೋಪರ ಸಹಿಯಿದ್ದ ಪತ್ರಕ್ಕೆ ಕಥೋಲಿಕರ ಊರಿನಲ್ಲೇ ಬೆಲೆ ಇಲ್ಲವೆಂದಾಗ ಆತ ಕೆರಳಿ, ಪೋರ್ಚುಗೀಸರ ವಿರುದ್ಧ ಗೋವೆಯ ಬ್ರಾಹ್ಮಣರನ್ನು ಎಬ್ಬಿಸುವ ಬರಹಕ್ಕೂ ಕೈ ಹಾಕಿದ.

ಅವನ ಸೋದರ ಸಂಬಂಧದ ತೊಮಾಸ್ ದೆ ಕಾಸ್ತ್ರೊ 1670ರ ದಶಕದಲ್ಲಿ ಕೆನರಾಕ್ಕೆ ಪೋಪರ ಪ್ರತಿನಿಧಿಯಾಗಿ ನೇಮಕಗೊಂಡ. ಆಗ ಈ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮನದು. 1678ರ ಒಪ್ಪಂದದಲ್ಲಿ ಆಕೆ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅಪ್ಪಣೆ ಕೊಟ್ಟಿದ್ದಳು. ತೊಮಾಸ್ 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದ. ಗೋವೆ ಸುಮ್ಮನಿರಲಿಲ್ಲ. 1681ರಲ್ಲಿ ತನ್ನ ಕಡೆಯಿಂದ ಒಬ್ಬ ಯುವ ಪಾದ್ರಿಯನ್ನು ಅಧಿಕಾರ ಕೊಟ್ಟು ಕಳಿಸಿತು. ಅವರೇ ಜೋಸೆಫ್ ವಾಜ್, ಮುಂದೆ ಸಿಂಹಳದ ಅಪೊಸ್ತಲನೆಂದು ಹೆಸರಾಗಿ 2015ರ ಜನವರಿ 14ರಂದು ಸಂತ ಪದವಿಗೆ ಏರಿದವರು. ಮಂಗಳೂರಿನ ಭಕ್ತರು ಇಬ್ಬರ ನಡುವೆ ಸಿಕ್ಕಿಕೊಂಡರು. ಯಾರ ಅಪ್ಪಣೆಯಿಂದ ಆದ ಮದುವೆ ಮದುವೆ, ಯಾರ ಮುಂದೆ ಮಾಡಿದ ಪಾಪನಿವೇದನೆ ಊರ್ಜಿತ ಎಂಬುದು ಅವರಿಗೆ ಜೀವದ ಪ್ರಶ್ನೆ. ವಾಜ್ ಗುದ್ದಾಡುವ ಬದಲು ತೊಮಾಸರ ಬಳಿಗೆ ಹೋಗಿ, ಅವರ ಪತ್ರಗಳನ್ನು ನೋಡಿ, ಜನರ ಆತ್ಮಕ್ಕೆ ತೊಂದರೆಯಾಗದಂತೆ ಒಂದು ಹೊಂದಾಣಿಕೆ ಮಾಡಿಕೊಂಡರು. ಕನ್ನಡ ನೆಲದಲ್ಲಿ ನಡೆದ ಈ ಚಿಕ್ಕ ಸಂಧಾನ ವಾಜರ ಸಂತತ್ವಕ್ಕೆ ಕಾಡು ಮೇಡು ಸುತ್ತಿದ ಸಾಹಸಗಳಷ್ಟೇ ದೊಡ್ಡ ಸಾಕ್ಷಿ. 1684ರಲ್ಲಿ ತೀರಿಕೊಂಡ ತೊಮಾಸರ ಸಮಾಧಿ ಮಿಲಾಗ್ರಿಸ್ ಆವರಣದಲ್ಲೇ ಇದೆ.

ಹದಿನೆಂಟನೆಯ ಶತಮಾನ ಹೇಗೋ ಕಳೆಯಿತು. 1834ರಲ್ಲಿ ಪೋರ್ಚುಗಲ್ಲಿನ ಉದಾರವಾದಿ ಸರ್ಕಾರ ಮಠಗಳನ್ನು ಮುಚ್ಚಿ ರೋಮಿನೊಡನೆ ಸಂಬಂಧ ಕಡಿದುಕೊಂಡಿತು. 1838ರ ಏಪ್ರಿಲಿನಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಆಜ್ಞಾಪತ್ರ ಹೊರಡಿಸಿ ಕೊಚ್ಚಿ, ಕ್ರಾಂಗನೂರು, ಮೈಲಾಪುರಗಳ ಪದ್ರವಾದೊ ಅಧಿಕಾರವನ್ನು ತೆಗೆದುಹಾಕಿದರು. ಗೋವಾ ಪಕ್ಷದವರು ಸಿಟ್ಟಿಗೆದ್ದರು. ದೊರೆಯ ಒಪ್ಪಿಗೆಯ ಮುದ್ರೆ ಬೀಳದ ಆಜ್ಞೆ ನಮಗೆ ಆಜ್ಞೆಯಲ್ಲ ಎಂದು ವಾದಿಸಿದರು. 1844ರಲ್ಲಿ ಗೋವೆಗೆ ಬಂದ ಮಹಾಧರ್ಮಾಧ್ಯಕ್ಷ ಸಿಲ್ವ ತೋರೆಸ್ ನೂರಾರು ಮಂದಿಗೆ ಪಾದ್ರಿ ದೀಕ್ಷೆ ಕೊಟ್ಟು ಆ ಪಕ್ಷದ ಇಗರ್ಜಿಗಳಿಗೆ ಕಳಿಸಿದರು. ಕೆನರಾದಲ್ಲಿ ಒಂದು ಭಾಗ ಕೇರಳದ ವರಾಪುಳದ ಕಾರ್ಮೆಲೈಟ್ ಬಿಷಪರಿಗೆ ವಿಧೇಯವಾಯಿತು, 1845ರಲ್ಲಿ ಮಂಗಳೂರು ಪ್ರತ್ಯೇಕ ಘಟಕವಾಯಿತು. ಬ್ರಹ್ಮಾವರವೂ ಸೇರಿ ಕಲ್ಯಾಣಪುರದ ಸುತ್ತಿನ ಇನ್ನೊಂದು ಭಾಗ ಗೋವೆಯನ್ನೇ ಹಿಡಿದು ನಿಂತಿತು. ಆ ಕಡೆಯವರಿಗೆ ಗೋವಾ ಅಂದರೆ ಮೂಲದ ಊರು, ಮನೆಮಾತು ಕೊಂಕಣಿಯ ನೆಲ, ಪೀಳಿಗೆಗಳಿಂದ ತಮ್ಮ ಮಕ್ಕಳಿಗೆ ಸ್ನಾನ ಕೊಟ್ಟ ಪಾದ್ರಿಗಳ ತವರು.

ಮೈಸೂರು ಸಂಸ್ಥಾನದಲ್ಲಿ ಈ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಅಲ್ಲಿ 1770ರ ದಶಕದಿಂದಲೂ ಪ್ಯಾರಿಸ್ಸಿನ ಮಿಷನರಿಗಳ ಕೆಲಸ, 1850ರಿಂದ ಪ್ರತ್ಯೇಕ ವ್ಯವಸ್ಥೆ, ಕೋಲಾರವೂ ಅದರೊಳಗೆ.

1870ರ ಜುಲೈ 18ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆ ಹಳೆಯ ವಾದಕ್ಕೆ ರೋಮಿನ ಕಡೆಯಿಂದ ಕೊನೆಯ ಉತ್ತರ ಬರೆಯಿತು. ಪೋಪರ ಅಧಿಕಾರ ಇಡೀ ಧರ್ಮಸಭೆಯ ಮೇಲೆ ನೇರ, ಪೂರ್ಣ. ಪೀಠದಿಂದ ಅಧಿಕೃತವಾಗಿ ಸಾರಿದ ವಿಶ್ವಾಸ ಮತ್ತು ನೀತಿಯ ಬೋಧನೆ ತಪ್ಪಲಾರದು. ಜರ್ಮನಿಯಲ್ಲಿ ಆದಿಸಭೆಯ ಚರಿತ್ರೆಯನ್ನು ಆಳವಾಗಿ ಬಲ್ಲ ಡೋಲಿಂಗರ್, ಸಿಪ್ರಿಯನ್ನನ ಕಾಲದ ಸಭೆಯಲ್ಲಿ ಹೀಗಿರಲಿಲ್ಲ ಎಂದು ವಿರೋಧಿಸಿ 1871ರಲ್ಲಿ ಬಹಿಷ್ಕೃತನಾದ.

ಆ ಮಹಾಸಭೆಯಾಗಿ ಹದಿನಾರು ವರ್ಷದ ನಂತರ ಇನ್ನೊಬ್ಬ ಲಿಯೊ ಕಥೆಯೊಳಗೆ ಬರುತ್ತಾರೆ. ಪೋಪ್ ಹದಿಮೂರನೆಯ ಲಿಯೊ 1886ರ ಜೂನ್ 23ರಂದು ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡು, ಸೆಪ್ಟೆಂಬರ್ 1ರಂದು ಭಾರತದಲ್ಲಿ ಪೂರ್ಣ ಧರ್ಮಪ್ರಾಂತ್ಯಗಳ ವ್ಯವಸ್ಥೆ ಸಾರಿದರು. ಮಂಗಳೂರು, ಮೈಸೂರು ಎರಡೂ ಅಂದು ಧರ್ಮಪ್ರಾಂತ್ಯಗಳಾದವು. ಗೋವೆಯ ಕೈಕೆಳಗಿದ್ದ ಕೆನರಾದ ಇಗರ್ಜಿಗಳು ಮಂಗಳೂರಿಗೆ, ಅಂದರೆ ಇಟಲಿಯ ಜೆಸ್ವಿತ್ ಪಾದ್ರಿಗಳ ಆಡಳಿತಕ್ಕೆ ಹೋಗಬೇಕಾಯಿತು. ಆಡಳಿತದ ಕಣ್ಣಿನಿಂದ ನೋಡಿದರೆ ಇದು ಒಳ್ಳೆಯ ಕೆಲಸ. ಒಂದೇ ಊರಿಗೆ ಇಬ್ಬರು ಬಿಷಪರಿದ್ದ ಅವ್ಯವಸ್ಥೆ ತೀರಲೇಬೇಕಿತ್ತು. ಆದರೆ ಇಗರ್ಜಿಗೆ ತೆಂಗಿನ ತೋಟ ಬಿಟ್ಟವರನ್ನು, ಊರಿನ ಕ್ರೈಸ್ತರ ಮುಖಂಡರಾದ ಗುರ್ಕಾರರಾಗಿ ದುಡಿದವರನ್ನು ಯಾರೂ ಕೇಳಲಿಲ್ಲ. ಲಿಸ್ಬನ್ ಮತ್ತು ರೋಮ್ ನಡುವೆ ಕಾಗದ ಓಡಾಡಿತು, ಬ್ರಹ್ಮಾವರದವರಿಗೆ ಫಲಿತಾಂಶ ಮಾತ್ರ ಬಂತು.

ಆ ಅಸಮಾಧಾನಕ್ಕೆ ದನಿಯಾದವರು ಆಂತೋನಿಯೊ ಫ್ರಾನ್ಸಿಸ್ಕೊ ಷಾವಿಯೆರ್ ಆಲ್ವಾರಿಸ್. 1836ರಲ್ಲಿ ಗೋವೆಯ ವೆರ್ಣಾದಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಪಾದ್ರಿಯಾದ ಆಲ್ವಾರಿಸ್ ಪತ್ರಿಕೆಗಳ ಮನುಷ್ಯ. 'ಆ ಕ್ರೂಸ್', 'ಆ ವೆರ್ದಾದ್', 'ಬ್ರಾದೊ ಇಂಡಿಯಾನೊ' ಮುಂತಾದ ಪತ್ರಿಕೆಗಳಲ್ಲಿ ಚರ್ಚಿನ ಹಾಗೂ ಸರ್ಕಾರದ ತಪ್ಪುಗಳನ್ನು ಹೆಸರಿಟ್ಟು ಬರೆದರು. ಗೋವೆಯ ಮಹಾಧರ್ಮಾಧ್ಯಕ್ಷ ವಾಲೆಂತೆ ಅವರನ್ನು ಬಹಿಷ್ಕರಿಸಿದರು. ಕೊಲಂಬೊದಲ್ಲಿದ್ದ ಗೋವೆ ಮೂಲದ ವೈದ್ಯ ಡಾ. ಲಿಸ್ಬೋವ ಪಿಂಟೊ ಅವರೂ, ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹ ಅವರೂ ಆಲ್ವಾರಿಸರ ಜತೆ ನಿಂತರು. ದೊರೆಯ ಪೋಷಕತ್ವ ಉಳಿಸಿಕೊಡಿ ಎಂಬ ಅರ್ಜಿಗಳಿಂದ ಅವರ ಚಳವಳಿ ಶುರುವಾಗಿತ್ತು. ಅರ್ಜಿಗಳು ಸೋತ ಮೇಲೆ ಅವರು ಇನ್ನೂ ಹಳೆಯ ಪ್ರಶ್ನೆಯ ಬುಡಕ್ಕೆ ಹೋದರು: ಪೋಪ್ ಇಲ್ಲದೆ ಸಭೆ ಇರಬಲ್ಲದೇ?

ಬಿಷಪ್ ಇಲ್ಲದೆ ಇರಲಾರದು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ದೀಕ್ಷೆ ಬೇಕೇ ಬೇಕು. ಅದಕ್ಕಾಗಿ ಅವರು ಪ್ರೊಟೆಸ್ಟೆಂಟರ ಕಡೆ ತಿರುಗದೆ ಕೊಟ್ಟಾಯದ ಕಡೆ ನಡೆದರು. ಕೂನನ್ ಶಿಲುಬೆಯ ಪ್ರತಿಜ್ಞೆ ಮಾಡಿದವರ ಪರಂಪರೆಯ ಮಲಂಕರದ ಸಿರಿಯನ್ ಸಭೆಗೆ ಅಂತಿಯೋಕಿಯದ ಪಿತೃಪ್ರಧಾನ ಇಗ್ನೇಷಿಯಸ್ ಪೇತ್ರರ ನಂಟಿತ್ತು. ಅವರು 1876ರಲ್ಲಿ ಮುಳಂತುರುತ್ತಿಯಲ್ಲಿ ಸಭೆ ನಡೆಸಿ ಹೋಗಿದ್ದರು. ಅವರ ಅನುಮತಿ ಪಡೆದು 1889ರ ಜುಲೈ ಕೊನೆಯಲ್ಲಿ ಕೊಟ್ಟಾಯದ ಹಳೆಯ ಸೆಮಿನರಿಯಲ್ಲಿ ಆಲ್ವಾರಿಸರಿಗೆ ಬಿಷಪ್ ದೀಕ್ಷೆಯಾಯಿತು. ದೀಕ್ಷೆ ಕೊಟ್ಟವರಲ್ಲಿ ಇಂದು ಪರುಮಲ ತಿರುಮೇನಿ ಎಂದು ಜನ ಪೂಜಿಸುವ ಗೀವರ್ಗೀಸ್ ಮಾರ್ ಗ್ರಿಗೋರಿಯಸ್ ಅವರೂ ಇದ್ದರು. ಆಲ್ವಾರಿಸರ ಹೊಸ ಹೆಸರು ಮಾರ್ ಜೂಲಿಯಸ್. ಗೋವಾ, ಸಿಂಹಳ ಮತ್ತು ಭಾರತಕ್ಕೆ ಮೆಟ್ರೊಪಾಲಿಟನ್. ಅವರ ಜನ ಚಿರಪರಿಚಿತವಾದ ಲ್ಯಾಟಿನ್ ಪೂಜಾಕ್ರಮವನ್ನೇ ಉಳಿಸಿಕೊಳ್ಳಬಹುದು ಎಂಬ ಉದಾರತೆಯನ್ನೂ ಪಿತೃಪ್ರಧಾನರು ತೋರಿದರು.

ಹೀಗೆ ಆಲ್ವಾರಿಸರ ಹಿಂದೆ ನಡೆದ ಬ್ರಹ್ಮಾವರದವರು ಪೋಪರನ್ನು ಬಿಟ್ಟರು, ಪೇತ್ರನನ್ನು ಬಿಡಲಿಲ್ಲ. ಪೂಜೆ ಹಿಂದಿನದೇ, ಹಾಡು ಹಿಂದಿನವೇ, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹೊಸ ತೆನೆಯೂ ಹಿಂದಿನಂತೆಯೇ. ಪ್ರಾರ್ಥನೆಯಲ್ಲಿ ರೋಮಿನ ಹೆಸರಿದ್ದ ಜಾಗಕ್ಕೆ ಅಂತಿಯೋಕಿಯದ ಹೆಸರು ಬಂತು. ಆದಿಸಭೆಯಲ್ಲೂ ಒಬ್ಬ ಬಿಷಪ್ ಇನ್ನೊಬ್ಬನೊಡನೆ ಸಂಬಂಧ ಕಡಿದುಕೊಂಡನೆಂಬುದಕ್ಕೆ ಇದೇ ಗುರುತಾಗಿತ್ತು: ಪೂಜೆಯ ಪಟ್ಟಿಯಿಂದ ಹೆಸರು ತೆಗೆಯುವುದು.

ಮಾರ್ ಜೂಲಿಯಸ್ 1892ರ ಮೇ 29ರಂದು ಕೊಲಂಬೊದಲ್ಲಿ ಇನ್ನೊಂದು ಕೆಲಸ ಮಾಡಿದರು. ಅಮೆರಿಕದ ವಿಸ್ಕಾನ್ಸಿನ್ನಿನಿಂದ ಬಂದ ಜೋಸೆಫ್ ರೆನೆ ವಿಲಾತ್ ಎಂಬ ಫ್ರೆಂಚ್ ಮೂಲದ ಪಾದ್ರಿಗೆ ಬಿಷಪ್ ದೀಕ್ಷೆ ಕೊಟ್ಟರು. ವಿಲಾತ್ ಮುಂದೆ ಹಲವರಿಗೆ ಕೊಟ್ಟ. ಇಂದು ಅಮೆರಿಕ, ಯುರೋಪುಗಳಲ್ಲಿ ರೋಮಿಗೆ ಸೇರದ ಎಷ್ಟೋ ಚಿಕ್ಕ ಸ್ವತಂತ್ರ ಸಭೆಗಳ ಬಿಷಪರು ತಮ್ಮ ಗುರುಪರಂಪರೆಯನ್ನು ಹಿಂದಕ್ಕೆ ಎಣಿಸುತ್ತ ಬಂದರೆ ಬ್ರಹ್ಮಾವರದ ಜನರ ಈ ಬಿಷಪನಲ್ಲಿಗೇ ಮುಟ್ಟುತ್ತಾರೆ.

ಗೋವೆಯಲ್ಲಿ ಮಾರ್ ಜೂಲಿಯಸರ ಬದುಕು ಸುಲಭವಿರಲಿಲ್ಲ. ಪೋರ್ಚುಗಲ್ ದೊರೆಯ ಹಕ್ಕಿಗಾಗಿ ಹೋರಾಟಕ್ಕೆ ಇಳಿದವರನ್ನು ಪೋರ್ಚುಗೀಸ್ ಪೊಲೀಸರೇ ಹಿಡಿದು, ಬಿಷಪ್ ಉಡುಪು ಕಿತ್ತುಕೊಂಡು ಸೆರೆಗೆ ಹಾಕಿದರು. ಹೊರಬಂದ ಮೇಲೆ ಕಾಲರಾ ಚಿಕಿತ್ಸೆಯ ಬಗ್ಗೆ, ಬರಗಾಲದಲ್ಲಿ ಮರಗೆಣಸು ಬೆಳೆಯುವ ಬಗ್ಗೆ ಕಿರುಹೊತ್ತಗೆ ಬರೆದರು, ಬಡವರ, ರೋಗಿಗಳ ಸೇವೆಯಲ್ಲಿ ಉಳಿದ ಆಯುಷ್ಯ ಕಳೆದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನಲ್ಲಿ ತೀರಿಕೊಂಡರು. ರೋಮಿಗೆ ಮರಳುವಂತೆ ಎಷ್ಟು ಒತ್ತಡ ಬಂದರೂ ಬಗ್ಗಲಿಲ್ಲ.

ಬ್ರಹ್ಮಾವರದಲ್ಲಿ ಸಮುದಾಯವನ್ನು ಕಟ್ಟಿ ನಿಲ್ಲಿಸಿದವರು ಪಾದ್ರಿ ನೊರೊನ್ಹ. 1936ರಲ್ಲಿ ಸಾಯುವತನಕ, ಅಂದರೆ ನಾಲ್ಕು ದಶಕಕ್ಕೂ ಮಿಕ್ಕಿ, ಅವರು ಅಲ್ಲೇ ಇದ್ದು ಇಗರ್ಜಿ ನೋಡಿಕೊಂಡರು, ಮಕ್ಕಳಿಗೆ ಅಕ್ಷರ ಕಲಿಸುವ ವ್ಯವಸ್ಥೆ ಮಾಡಿದರು. ಆಲ್ವಾರಿಸರ ಹೆಸರು ವಿಶ್ವಕೋಶಗಳಲ್ಲಿ ಸಿಗುತ್ತದೆ, ನೊರೊನ್ಹರದು ಅಷ್ಟಾಗಿ ಸಿಗುವುದಿಲ್ಲ. ಆದರೆ ಗೋವೆಯಲ್ಲಿ, ಸಿಂಹಳದಲ್ಲಿ ಕರಗಿಹೋದ ಆ ಚಳವಳಿ ಉಳಿದದ್ದು ಬ್ರಹ್ಮಾವರದಲ್ಲಿ ಮಾತ್ರ, ಅದೂ ಈ ಮನುಷ್ಯನ ದೆಸೆಯಿಂದ. ಈ ಚರಿತ್ರೆಯ ಮುಖ್ಯ ವ್ಯಕ್ತಿ ಯಾರೆಂದು ಕೇಳಿದರೆ ನೊರೊನ್ಹ ಎನ್ನುವುದೇ ನ್ಯಾಯ.

ಸಭೆ ಬದಲಿಸಿದ ಮಾತ್ರಕ್ಕೆ ಅಧಿಕಾರದ ಪ್ರಶ್ನೆ ಬೆನ್ನು ಬಿಡಲಿಲ್ಲ. 1912ರಲ್ಲಿ ಮಲಂಕರ ಸಭೆಗೆ ತನ್ನದೇ ಮುಖ್ಯಸ್ಥರ, ಅಂದರೆ ಕಥೋಲಿಕೋಸರ, ಪೀಠ ಬಂದ ಮೇಲೆ, ಅಂತಿಯೋಕಿಯದ ಪಿತೃಪ್ರಧಾನರ ಹಿಡಿತ ಎಷ್ಟು, ಕೊಟ್ಟಾಯದ ಕಥೋಲಿಕೋಸರದು ಎಷ್ಟು ಎಂಬ ಜಗಳ ಹುಟ್ಟಿ, ಕೋರ್ಟುಗಳನ್ನು ಹತ್ತಿ ಇಳಿದು, 2017ರ ಜುಲೈ 3ರಂದು ಸುಪ್ರೀಂ ಕೋರ್ಟ್ ಆ ಸಭೆಯ 1934ರ ಸಂವಿಧಾನವನ್ನು ಎತ್ತಿಹಿಡಿಯುವ ತನಕ ಬಂತು. ಬ್ರಹ್ಮಾವರ ಕಥೋಲಿಕೋಸರ ಮಲಂಕರ ಆರ್ಥೊಡಾಕ್ಸ್ ಸಭೆಯೊಡನೆ ಉಳಿಯಿತು. 2010ರಲ್ಲಿ ಅದು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಸಂತ ಮೇರಿ ಕೆಥೆಡ್ರಲಿನಲ್ಲಿ ಈಗ ಸಂತ ಯಾಕೋಬರ ಹೆಸರಿನ ಸಿರಿಯನ್ ಆರಾಧನಾ ಕ್ರಮ ಕೊಂಕಣಿಯಲ್ಲಿ ನಡೆಯುತ್ತದೆ. ಎರಡು ವರ್ಷದ ಮೇಲೆ, 2012ರಲ್ಲಿ, ರೋಮ್ ಉಡುಪಿ ಧರ್ಮಪ್ರಾಂತ್ಯವನ್ನು ರಚಿಸಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯನ್ನು ಕೆಥೆಡ್ರಲ್ ಮಾಡಿತು. ಒಂದು ಕಾಲಕ್ಕೆ ಗೋವಾ ಪಕ್ಷದ ಕೋಟೆಯಾಗಿದ್ದ ಊರು ಅದು. ಎರಡು ಕೆಥೆಡ್ರಲುಗಳ ನಡುವಿನ ದೂರ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ.

ರೋಮ್ ಕೂಡ 1870ರಲ್ಲೇ ನಿಂತಿಲ್ಲ. ಪೋಪ್ ಎರಡನೆಯ ಜಾನ್ ಪಾಲ್, 1986ರ ಫೆಬ್ರವರಿಯಲ್ಲಿ ಮಂಗಳೂರಿಗೂ ಬಂದು ಹೋಗಿದ್ದವರು, 1995ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಪದವಿಯನ್ನು ಎಲ್ಲರೂ ಒಪ್ಪುವಂತೆ ನಡೆಸುವುದು ಹೇಗೆಂದು ತಮ್ಮೊಡನೆ ಕೂತು ಯೋಚಿಸುವಂತೆ ಇತರ ಸಭೆಗಳನ್ನು ಕರೆದರು. ಆ ಕರೆಗೆ ಬಂದ ಉತ್ತರಗಳನ್ನು ಕಲೆಹಾಕಿದ ಅಧ್ಯಯನವನ್ನು ವ್ಯಾಟಿಕನ್ 2024ರ ಜೂನ್ 13ರಂದು ಪ್ರಕಟಿಸಿತು. ಐರೇನಿಯಸನ ಕಾಲದ ಸಭೆ, ಒಂದನೆಯ ಸಾವಿರ ವರ್ಷಗಳ ರೂಢಿ ಆ ಚರ್ಚೆಯಲ್ಲಿ ಮತ್ತೆ ಮುಂದಕ್ಕೆ ಬಂದಿವೆ.

ಈ ಚರ್ಚೆಗೆ ಕನ್ನಡ ನಾಡಿನಿಂದ ಕೊಡಬೇಕಾದ ಸಾಕ್ಷ್ಯವೊಂದು ಬಾಕಿ ಇದೆ. ಬ್ರಹ್ಮಾವರದವರು ಸಿದ್ಧಾಂತ ಕೆಡಿಸಲು ಹೊರಟವರಲ್ಲ. 424ರಲ್ಲಿ ಆಫ್ರಿಕದ ಬಿಷಪರು ಕೇಳಿದ್ದನ್ನೇ, ನಮ್ಮ ವಿಷಯ ನಮ್ಮನ್ನು ಕೇಳಿ ತೀರ್ಮಾನವಾಗಲಿ ಎಂಬುದನ್ನೇ, ಅವರು ತಮ್ಮ ರೀತಿಯಲ್ಲಿ ಕೇಳಿದರು. ಅವರ ನಡೆ ಸರಿಯೋ ತಪ್ಪೋ ಎಂದು ಕಥೋಲಿಕರೂ ಆರ್ಥೊಡಾಕ್ಸರೂ ಬೇರೆ ಬೇರೆ ತೀರ್ಪು ಕೊಡಬಹುದು. ಅವರ ಪ್ರಶ್ನೆ ನ್ಯಾಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆ ಜಗಳದ ಬರಹಗಳು ಪೋರ್ಚುಗೀಸ್, ಲ್ಯಾಟಿನ್, ಕೊಂಕಣಿ, ಮಲಯಾಳಂಗಳಲ್ಲಿ ಚದುರಿವೆ. ಇಗರ್ಜಿಗಳ ಕಪಾಟಿನಲ್ಲಿ, ಹಳೆಯ ಗುರ್ಕಾರ ಮನೆತನಗಳ ಪೆಟ್ಟಿಗೆಯಲ್ಲಿ ಅರ್ಜಿ, ರಸೀದಿ, ಪತ್ರ ಏನಿದ್ದರೂ ಕರಾವಳಿಯ ಮಳೆಗಾಲ ಅವನ್ನು ಬಹಳ ದಿನ ಬಿಡುವುದಿಲ್ಲ. ಉಡುಪಿ, ಮಂಗಳೂರು, ಬ್ರಹ್ಮಾವರದ ಧರ್ಮಪ್ರಾಂತ್ಯಗಳು ಪಕ್ಷ ಮರೆತು ಅವನ್ನು ಒಟ್ಟಿಗೆ ಕಾಪಾಡಲಿ, ಮಂಗಳೂರು ವಿಶ್ವವಿದ್ಯಾಲಯದ ಚರಿತ್ರೆಯ ವಿದ್ಯಾರ್ಥಿಗಳು ಓದಿ ಕನ್ನಡಕ್ಕೆ ತರಲಿ. ಮನೆಯಲ್ಲಿ ಅಂಥ ಕಾಗದ ಉಳಿದಿರುವ ಓದುಗರು ಅದನ್ನು ಹಳೆಯ ರದ್ದಿಯ ಜತೆ ಸೇರಿಸದೆ, ತಿಳಿದವರಿಗೊಮ್ಮೆ ತೋರಿಸಿ ನಕಲು ತೆಗೆಸಿಡಲಿ.